ಮೂರು ರಾತ್ರಿಯ ಭಜನೆ

ಕೆಲವರಿಗೆ ನಾಟಕದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು. ನನಗೆ ಭಜನೆಯ ಹುಚ್ಚು. ಇದನ್ನು ಕೇಳಿ ನಾನು ದೊಡ್ಡ ದೈವಭಕ್ತನೆಂದು ಯಾರೂ ತಪ್ಪು ತಿಳಿಯಬಾರದು. ದೇವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ನಾನು ಭಜನೆಗೆ ಹೋಗುವುದು ಕೇಳುವುದಕ್ಕೆ, ತಲೆದೂಗುವುದಕ್ಕೆ, ನಿಜ ಹೇಳಬೇಕೆಂದರೆ, ತಪ್ಪು ಹುಡುಕುವುದಕ್ಕೆ. ಬ್ಯಾಂಕಿನಲ್ಲಿ 32 ವರ್ಷ ಲೆಕ್ಕ ಬರೆದ ಕೈ ನನ್ನದು. ನಿವೃತ್ತನಾದ ಮೇಲೂ ಅದು ಸುಮ್ಮನಿರಲೊಲ್ಲದು. ಒಂದು ಉದ್ದನೆಯ ವಹಿ ಇಟ್ಟಿದ್ದೇನೆ. ಯಾವ ಊರು, ಯಾವ ತಿಥಿ, ಯಾವ ಪದ, ಎಷ್ಟು ನಿಮಿಷ, ತಬಲಾ ಹೇಗೆ, ತಾಳ ಹೇಗೆ, ಎಲ್ಲವೂ ಅದರಲ್ಲಿ ಜಮಾ. ನನ್ನ ಮನೆಯವಳು ಅದಕ್ಕೆ ‘ಚಿತ್ರಗುಪ್ತನ ದಫ್ತರ’ ಎಂದು ಹೆಸರಿಟ್ಟಿದ್ದಾಳೆ.

ವಹಿಯ ತುಂಬ ಇರುವುದು ಹೆಚ್ಚಾಗಿ ಒಂದೇ ಮೇಳದ ಲೆಕ್ಕ. ಹಾವೇರಿಯ ಹತ್ತಿರದ ಒಂದು ಹಳ್ಳಿಯ ಆರು ಜನರ ಮೇಳ ಅದು. ಮುಂದಾಗಿ ಹಾಡುವವನು ಎಪ್ಪತ್ತು ದಾಟಿದ ಅಜ್ಜ, ಕೈಯಲ್ಲಿ ಏಕತಾರಿ. ಪೇಟಿಗೆ ಒಬ್ಬ ಮಾಸ್ತರರು (ಬೆಂಗಳೂರಿನವರು ಹಾರ್ಮೋನಿಯಂ ಎನ್ನುತ್ತಾರೆ, ನಮ್ಮ ಕಡೆ ಅದು ಪೇಟಿ). ಇವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೆಲವು ವರ್ಷ ಕಲಿತು ಬಂದವರು. ತಬಲಾಕ್ಕೆ ಮೋಟಾರು ರಿಪೇರಿಯ ಒಬ್ಬ ಹುಡುಗ, ದಮ್ಮಡಿಗೆ ಒಬ್ಬ, ತಾಳಕ್ಕೆ ಇಬ್ಬರು. ಹಾಡುವುದು ತತ್ತ್ವಪದ, ಅದರಲ್ಲಿಯೂ ಶಿಶುನಾಳ ಶರೀಫರವು. 1819ರಿಂದ 1889ರ ವರೆಗೆ ಬಾಳಿದ ಶರೀಫರು ಶಿಗ್ಗಾಂವಿ ತಾಲೂಕಿನವರು. 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆಯ ಲೆಕ್ಕದಲ್ಲಿ ಅವರು ಮನೆಯವರೇ.

1990ರಲ್ಲಿ ನಾಗಾಭರಣರ ಚಲನಚಿತ್ರ ಬಂದಿತು, ಸಿ. ಅಶ್ವತ್ಥರ ಧಾಟಿಯಲ್ಲಿ ಶರೀಫರ ಪದಗಳು ನಾಡಿನ ಮನೆಮನೆಯನ್ನು ಮುಟ್ಟಿದವು. ಅದು ದೊಡ್ಡ ಉಪಕಾರವೇ ಸರಿ. ಆದರೆ ಧ್ವನಿಮುದ್ರಿಕೆಯಲ್ಲಿ ಪದ ನೂರು ಸಲ ಹಾಕಿದರೂ ನೂರು ಸಲವೂ ಅದೇ ಜಾಗದಲ್ಲಿ ಮುಗಿಯುತ್ತದೆ. ಮೇಳದಲ್ಲಿ ಹಾಗಲ್ಲ. ಅಜ್ಜ ಪಲ್ಲವನ್ನು ಎತ್ತುತ್ತಾನೆ. ಹಿಮ್ಮೇಳ ಅದನ್ನು ತಿರುಗಿಸಿ ಕೊಡುತ್ತದೆ. ನುಡಿಯ ಕೊನೆಯ ಒಂದು ಮಾತನ್ನು ಹಿಡಿದು ಅಜ್ಜ ನಾಲ್ಕು ಸಲ ನಾಲ್ಕು ಬಗೆಯಲ್ಲಿ ಹೇಳುತ್ತಾನೆ; ಪೇಟಿ ಆ ಮಾತನ್ನು ಕದ್ದು ಮೇಲಿನ ಷಡ್ಜಕ್ಕೆ ಒಯ್ಯುತ್ತದೆ; ಎಂಟು ಮಾತ್ರೆಯ ಭಜನಿ ಠೇಕಾದಲ್ಲಿ ನಡೆದಿದ್ದ ತಬಲಾ ದುಪ್ಪಟ್ಟಿಗೆ ಹಾರುತ್ತದೆ; ಕೊನೆಗೆ ಎಲ್ಲರೂ ಕೂಡಿ ಪಲ್ಲಕ್ಕೆ ಬಂದು ಬೀಳುತ್ತಾರೆ. ಎಷ್ಟು ಹೊತ್ತು ಎಂಬುದು ಹಾಡುವವರಿಗೂ ಮೊದಲು ಗೊತ್ತಿರುವುದಿಲ್ಲ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ಈ ವಹಿಯನ್ನು ನೋಡಿ, “ಮಾಮಾ, ನಿಮ್ಮಂಥಾವ್ರು ಅಲ್ಲೂ ಅದಾರ್ರಿ” ಎಂದು ನಕ್ಕ. ಅಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ಮೇಳವಿತ್ತಂತೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಮುಖ್ಯ ಗಿಟಾರಿನ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಬಾರಿಸಿತು. ಇಂದು ಹಾಡಿದಂತೆ ನಾಳೆ ಹಾಡುತ್ತಿರಲಿಲ್ಲ. ಅಭಿಮಾನಿಗಳು ಊರಿಂದೂರಿಗೆ ಬೆನ್ನು ಹತ್ತಿ ಹೋಗಿ, ಯಾವ ರಾತ್ರಿ ಯಾವ ಹಾಡು ಎಷ್ಟು ಬೆಳೆಯಿತೆಂದು ಬರೆದಿಡುತ್ತಿದ್ದರು. ಅವರು ಧ್ವನಿ ಮುದ್ರಿಸಿಕೊಳ್ಳಲೆಂದು 1984ರಿಂದ ಬೇರೆ ಜಾಗವನ್ನೇ ಬಿಟ್ಟುಕೊಟ್ಟಿದ್ದರು. ಆ ಮೇಳದ ಡ್ರಮ್ಮಿನ ಮಿಕಿ ಹಾರ್ಟ್ ನಮ್ಮ ಅಲ್ಲಾ ರಖಾ ಅವರಲ್ಲಿ ಕಲಿತು, ಜಾಕಿರ್ ಹುಸೇನರ ಜೊತೆಯಲ್ಲಿಯೂ ಬಾರಿಸಿದವರು. ಇದನ್ನು ಕೇಳಿದಂದಿನಿಂದ ನನ್ನ ಹುಚ್ಚಿಗೆ ಒಂದು ಅಂತರರಾಷ್ಟ್ರೀಯ ಮಾನ್ಯತೆ ದೊರೆತಂತಾಗಿ, ವಹಿಯನ್ನು ಇನ್ನಷ್ಟು ಠೀವಿಯಿಂದ ಬಗಲಲ್ಲಿಟ್ಟುಕೊಂಡು ತಿರುಗತೊಡಗಿದೆ.

ಈ ತಿರುಗಾಟದಲ್ಲಿ ನನಗೊಬ್ಬ ಜೊತೆಗಾರರಿದ್ದರು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮಾತು ಕಡಿಮೆ, ಕಿವಿ ಚುರುಕು. ಹೋದ ಚಳಿಗಾಲದಲ್ಲಿ ಒಂದೇ ಪದವನ್ನು ಆ ಮೇಳದಿಂದ ಮೂರು ಊರಲ್ಲಿ ಕೇಳಿದೆ. ಕೋಳಿ ಮಂಗನನ್ನು ನುಂಗುವ ಮಾತಿನಿಂದ ಮೊದಲಾಗಿ, ಒಂದನ್ನೊಂದು ನುಂಗುತ್ತ ಹೋಗಿ, ಕೊನೆಗೆ ಹಾಡುವವನೂ ಗುರುಪಾದದಲ್ಲಿ ಇಲ್ಲವಾಗುವ ಶರೀಫರ ಒಗಟಿನ ಪದ ಅದು.

ಮೊದಲನೆಯದು ಹಾವೇರಿಯಲ್ಲಿ, ಭಜನಾ ಸ್ಪರ್ಧೆಯ ವೇದಿಕೆಯ ಮೇಲೆ. ಒಂದೊಂದು ಮೇಳಕ್ಕೆ 12 ನಿಮಿಷ, ಮುಗಿಯುತ್ತಲೇ ಗಂಟೆ. ಗಂಟೆಯ ಹೆದರಿಕೆಯಲ್ಲಿ ಅಜ್ಜ ನುಡಿಗಳನ್ನು ಬಸ್ಸು ತಪ್ಪುವವನಂತೆ ಹೇಳಿ ಮುಗಿಸಿದ. ಶ್ರುತಿ ಸರಿ, ತಾಳ ಸರಿ, ಎಲ್ಲರ ಅಂಗಿಯೂ ಒಂದೇ ಬಣ್ಣ. ಎರಡನೆಯ ಬಹುಮಾನವೂ ಬಂದಿತು. “ಇದು ನಿಮ್ಮೂರ ಮೆಣಸಿನಕಾಯಿ ನೋಡ್ರಿ, ಬಣ್ಣ ಬಾಳ, ಖಾರ ಕಡಿಮಿ” ಎಂದೆ. ಗೆಳೆಯರು, “ಕಾಯಿಗೆ ಬೈಬ್ಯಾಡ್ರಿ ಸಾಹೇಬ್ರ. ಬಣ್ಣಕ್ಕಂತನ ಜಗತ್ತು ಅದನ್ನ ಕೊಳ್ತೈತಿ” ಎಂದರು. ಬ್ಯಾಡಗಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಅವರಿಗೆ ಸ್ವಂತ ಮಗ ಪಾಸಾದಷ್ಟು ಹೆಮ್ಮೆ.

ಎರಡನೆಯದು ರಾಣೆಬೆನ್ನೂರಿನಲ್ಲಿ, ಬೀಜದ ವ್ಯಾಪಾರಿಯೊಬ್ಬರ ಹೊಸ ಮನೆಯ ಪ್ರವೇಶದ ರಾತ್ರಿ. ಗಂಟೆಯ ಕಾಟವಿಲ್ಲ, ಚಹಕ್ಕೆ ಕೊರತೆಯಿಲ್ಲ, ಮುಂದೆ ಕುಳಿತ ತರುಣರೆಲ್ಲರ ಕೈಯಲ್ಲಿ ಮೊಬೈಲು. ಎರಡನೆಯ ನುಡಿಯಲ್ಲಿಯೇ ಪೇಟಿಗೂ ತಬಲಾಕ್ಕೂ ಸವಾಲು-ಜವಾಬು ಹತ್ತಿತು. ಮಾಸ್ತರರು ಒಂದು ತಾನ ಎಸೆದರೆ ಹುಡುಗ ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮರಳಿ ಎಸೆದ. ಜನ ಸಿಳ್ಳು ಹಾಕಿದರು. ಪದ ಮುಗಿದಾಗ 41 ನಿಮಿಷ! ವಹಿಯಲ್ಲಿ ‘ಅಮೋಘ’ ಎಂದು ಬರೆದು ಎರಡು ಗೆರೆ ಎಳೆದೆ.

ಬೆಳಗಿನ ಗಾಡಿಯಲ್ಲಿ ಇಬ್ಬರೂ ಮರಳುತ್ತಿದ್ದೆವು. ದೇವರಗುಡ್ಡ ದಾಟುತ್ತಲೇ ಗೆಳೆಯರು ಮೆಲ್ಲಗೆ, “ಪದ ಎಲ್ಲಿ ಹೋತ್ರಿ ಸಾಹೇಬ್ರ? ಪೇಟಿ ತಬಲಾ ಜಗಳಾಡಿದ್ದು ಕೇಳಿದ್ವಿ. ಅಜ್ಜ ಅರ್ಧ ತಾಸು ಕೈಕಟ್ಟಿ ಕುಂತಿದ್ದ” ಎಂದರು. ನನಗೆ ರೇಗಿತು. ಎರಡು ಗೆರೆ ಎಳೆದವನ ಮಾನದ ಪ್ರಶ್ನೆ ನೋಡಿ. “ನಿಮಗ ಕಾಯಿ ತೂಗೂದು ಗೊತ್ತು, ಸಂಗೀತ ತೂಗೂದು ಬ್ಯಾರೆ” ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಬ್ಯಾಡಗಿ ಬಂದಾಗ ಚೀಲ ತೆಗೆದುಕೊಂಡು ಇಳಿದು ಹೋದರು. ಎಂದೂ ತಪ್ಪದೆ ಹೇಳುತ್ತಿದ್ದ “ಬರ್ತೇನ್ರಿ” ಎಂಬ ಮಾತು ಅಂದು ಬರಲಿಲ್ಲ. ನಾಲ್ಕು ದಿನ ಬಿಟ್ಟು ಫೋನು ಮಾಡಿದರಾಯಿತೆಂದು ನಾನೂ ಬಿಗಿದುಕೊಂಡೇ ಇದ್ದೆ.

ಹದಿನೆಂಟನೆಯ ದಿನ ಫೋನು ಅವರ ಮನೆಯಿಂದಲೇ ಬಂದಿತು. ಮಧ್ಯಾಹ್ನ ಅಂಗಡಿಯಲ್ಲಿ ಎದೆ ನೋವೆಂದು ಗೋಡೆಗೆ ಒರಗಿದವರು ಮೇಲೇಳಲಿಲ್ಲವಂತೆ.

ನಾನು ಹೋದಾಗ ರಾತ್ರಿಯಾಗಿತ್ತು. ವಿಭೂತಿ ಹಚ್ಚಿ, ಹಾರ ಹಾಕಿ ಅವರನ್ನು ಪಡಸಾಲೆಯಲ್ಲಿ ಕುಳ್ಳಿರಿಸಿದ್ದರು. ಯಾರೂ ಕರೆಯದೆಯೇ ಮೇಳ ಬಂದಿತ್ತು. ಐದೇ ಜನ, ತಾಳದವನೊಬ್ಬ ಊರಲ್ಲಿರಲಿಲ್ಲ. ಮಗ ಪುಣೆಯಿಂದ ಹೊರಟಿದ್ದ; ಬಸ್ಸು ಮೋಟೆಬೆನ್ನೂರಿಗೆ ಬರುವುದು ಬೆಳಗಿನ ಜಾವ. ಅವರ ಮನೆಯವರು ಅಜ್ಜನಿಗೆ, “ಯಪ್ಪಾ, ಹುಡುಗ ಬರೂತನಕ ಹಾಡ್ರಿ” ಎಂದರು. ಪೇಟಿ ಮಾಸ್ತರರು ನನ್ನ ಮುಖ ನೋಡಿ, ಬಿಟ್ಟಿದ್ದ ತಾಳದ ಜೋಡನ್ನು ನೆಲದ ಮೇಲೆ ನನ್ನ ಕಡೆಗೆ ಸರಿಸಿದರು. ಇಷ್ಟು ವರ್ಷ ತಾಳದ ತಪ್ಪು ಬರೆದವನು ನಾನು. ತಾಳ ಹಿಡಿದದ್ದು ಅಂದೇ ಮೊದಲು.

ಎಷ್ಟೋ ಪದಗಳಾದ ಮೇಲೆ ಅಜ್ಜ ಆ ಒಗಟಿನ ಪದವನ್ನು ಎತ್ತಿದ. ಎಲ್ಲರನ್ನೂ ನಗಿಸುವ ಪದವೆಂದು ನಾನು ತಿಳಿದಿದ್ದೆ. ಅಂದು ಒಂದೊಂದನ್ನೂ ಇನ್ನೊಂದು ನುಂಗಿದಾಗ, ಆ ನುಂಗಿದ್ದನ್ನು ಕಣ್ಣಾರೆ ಕಂಡವನಂತೆ ಅಜ್ಜ ನಿಂತು ನಿಂತು ಹೇಳಿದ. ರಾಣೆಬೆನ್ನೂರಿನಲ್ಲಿ ಅಷ್ಟು ಕುಣಿದ ಪೇಟಿ ಒಂದೇ ಸ್ವರವನ್ನು ಹಿಡಿದು ಹಿಂದೆ ಕುಳಿತಿತ್ತು; ಹುಡುಗ ತಬಲಾವನ್ನು ಬೆರಳ ತುದಿಯಲ್ಲಿ ಮುಟ್ಟುತ್ತಿದ್ದ. ಸುಗ್ಗಿಯ ಕಾಲ, ಗಾಳಿ ತಿರುಗಿದಾಗಲೆಲ್ಲ ಮೆಣಸಿನಕಾಯಿಯ ಘಾಟು ಒಳಗೆ ಬಂದು ಯಾರಾದರೊಬ್ಬರು ಕೆಮ್ಮುವರು. ಕೆಮ್ಮು ನಿಲ್ಲುವವರೆಗೆ ಅಜ್ಜ ಪಲ್ಲವನ್ನೇ ತಿರುಗಿಸುತ್ತಿದ್ದ. ಒಳಗಿನಿಂದ ಅಳು ಎದ್ದಾಗ ಹಿಮ್ಮೇಳ ದನಿ ಏರಿಸಿ ಅದನ್ನು ತನ್ನೊಳಗೆ ತೆಗೆದುಕೊಳ್ಳುತ್ತಿತ್ತು; ಅಳು ತಗ್ಗಿದರೆ ತಾನೂ ತಗ್ಗುತ್ತಿತ್ತು. ಪದ ಬೆಳೆಯಿತು. ಆದರೆ ಹಾಡುವವರು ಬೆಳೆಸಿದ್ದಲ್ಲ. ಬೆಳಗಾಗುವವರೆಗೆ ಆ ಮನೆಯವರಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಾಗಿತ್ತು, ಅದಕ್ಕೆ ಬೆಳೆಯಿತು.

ಬಾಗಿಲಲ್ಲಿ ಚೀಲ ಹಿಡಿದು ಮಗ ನಿಂತಾಗ ಅಜ್ಜ ತಟ್ಟನೆ ನಿಲ್ಲಿಸಲಿಲ್ಲ. ಹುಡುಗ ಒಳಗೆ ಬಂದು ತಂದೆಯ ಪಾದ ಮುಟ್ಟುವಷ್ಟು ಹೊತ್ತು, ಎರಡು ಸುತ್ತು, ಪಲ್ಲವನ್ನು ತಿರುಗಿಸಿ, ಕೊನೆಯ ಗುರುಪಾದದ ನುಡಿ ಹೇಳಿ ಏಕತಾರಿಯನ್ನು ಕೆಳಗಿಟ್ಟ. ನನ್ನ ಎದುರಿಗೆ ಗೋಡೆಗೆ ಒರಗಿ ಗೆಳೆಯರು ಕುಳಿತೇ ಇದ್ದರು. ‘ಪದ ಎಲ್ಲಿ ಹೋತು’ ಎಂದು ಕೇಳಿದ ಅವರ ತೂಕವೇ ಸರಿಯಾಗಿತ್ತೆಂದು ಹೇಳುವುದಕ್ಕೆ ನನಗೆ ಹದಿನೆಂಟು ದಿನ ಇದ್ದವು.

ಮನೆಗೆ ಬಂದ ಮೇಲೆ ರೂಢಿಯಂತೆ ವಹಿ ತೆರೆದೆ. ರಾಣೆಬೆನ್ನೂರಿನ ‘ಅಮೋಘ’ದ ಕೆಳಗಿನ ಎರಡು ಗೆರೆ ಹಾಗೆಯೇ ಇದ್ದವು, ಬ್ಯಾಂಕಿನವನು, ಬರೆದದ್ದನ್ನು ಅಳಿಸಿ ರೂಢಿಯಿಲ್ಲ. ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ‘ಅಜ್ಜ ಅರ್ಧ ತಾಸು ಸುಮ್ಮನೆ ಕುಳಿತಿದ್ದ’ ಎಂದು ಸೇರಿಸಿದೆ. ಕೆಳಗೆ ಹೊಸ ಸಾಲು: ಊರು, ಬ್ಯಾಡಗಿ, ತಿಥಿ, ಪದ. ನಿಮಿಷದ ಕಾಲಮು ಖಾಲಿ, ಗಡಿಯಾರ ನೋಡಿರಲಿಲ್ಲ. ತಾಳದ ಕಾಲಮಿನಲ್ಲಿ, ಇದ್ದದ್ದನ್ನು ಇದ್ದಂತೆ ಬರೆದೆ: ‘ಎರಡು ಸಲ ತಪ್ಪಿತು. ಪೇಟಿ ಮಾಸ್ತರರು ಸಂಭಾಳಿಸಿಕೊಂಡರು.’