ಮುಂದಿನ ಎಡ ಚಕ್ರ

ಕರಾವಳಿಯ ಮೀನು ಘಟ್ಟ ಹತ್ತುವುದು ಹೆಚ್ಚಾಗಿ ಪಿಕಪ್‌ಗಳ ಬೆನ್ನ ಮೇಲೆ. ಮಂಗಳೂರಿನ ದಕ್ಕೆಯಲ್ಲಿ ಏಲಂ ಆದ ಬಂಗುಡೆ, ಬೂತಾಯಿಗಳು ಮಂಜುಗಡ್ಡೆಯ ಜೊತೆ ಬಾಕ್ಸ್ ಸೇರಿ, ಶಿರಾಡಿ ಘಾಟಿ ದಾಟಿ, ಬಿಸಿಲೇರುವ ಮೊದಲು ಸಕಲೇಶಪುರ, ಹಾಸನದ ಮಾರುಕಟ್ಟೆ ತಲುಪಬೇಕು. ತಡವಾದರೆ ದರ ಇಳಿಯುತ್ತದೆ. ಇನ್ನೂ ತಡವಾದರೆ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತದೆ. ಆದ್ದರಿಂದ ಈ ವ್ಯಾಪಾರ ಮಾಡುವವನು ಮೀನಿನ ಕಣ್ಣು ನೋಡಿದಷ್ಟೇ ಗಮನವಿಟ್ಟು ಗಾಡಿಯ ಚಕ್ರವನ್ನೂ ನೋಡಬೇಕಾಗುತ್ತದೆ.

ನನ್ನ ಪಿಕಪ್‌ನ ಮುಂದಿನ ಎಡ ಚಕ್ರದ ಬೇರಿಂಗ್ 2022ರ ಆಗಸ್ಟ್‌ನಿಂದ 2023ರ ಅಕ್ಟೋಬರ್‌ವರೆಗೆ ನಾಲ್ಕು ಸಲ ಹೋಯಿತು. ಇದರ ನಡುವೆ ಜೂನ್, ಜುಲೈಯ ಅರುವತ್ತೊಂದು ದಿನ ಮೀನುಗಾರಿಕೆಗೆ ನಿಷೇಧ; ಆಗ ಗಾಡಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದನ್ನು ಕಳೆದರೆ ಸುಮಾರು ಮೂರು ತಿಂಗಳಿಗೊಂದು ಬೇರಿಂಗ್ ಎಂದಾಯಿತು. ಪ್ರತಿ ಸಲವೂ ಅದೇ ಲಕ್ಷಣ. ಮೊದಲು ನಲವತ್ತರ ವೇಗ ದಾಟಿದಾಗ ಜೇನುನೊಣ ಗುಂಯ್ಗುಟ್ಟಿದಂಥ ಸದ್ದು. ಗಾಡಿ ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡ ಚಕ್ರದ ಮೇಲೆ ಬಿದ್ದು ಸದ್ದು ಜೋರಾಗುತ್ತದೆ. ಕೆಲವು ದಿನಗಳಲ್ಲಿ ಹಬ್ ಮುಟ್ಟಲಾಗದಷ್ಟು ಬಿಸಿ, ಗ್ರೀಸ್ ಸುಟ್ಟ ವಾಸನೆ. ಮೂರನೆಯ ಸಲವಂತೂ ಮೀನು ಇಳಿಸಿ ಹಿಂತಿರುಗುವಾಗ, ಗುಂಡ್ಯಕ್ಕೆ ಸ್ವಲ್ಪ ಮೇಲೆ, ಇಳಿಜಾರಿನಲ್ಲೇ ಚಕ್ರ ತೂರಾಡತೊಡಗಿತು. ಡ್ರೈವರ್ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ್ದರಿಂದ ಅವನೂ ಉಳಿದ, ಎದುರಿಗೆ ಬರುತ್ತಿದ್ದವರೂ ಉಳಿದರು.

ಬೇರಿಂಗ್ ಹೋದದ್ದಕ್ಕೆ ಕಾರಣ ಹೇಳುವವರಿಗೇನೂ ಬರಗಾಲವಿರಲಿಲ್ಲ. ಒಬ್ಬರು ರಸ್ತೆಯನ್ನು ಬೈದರು. ಶಿರಾಡಿಯ ಘಾಟಿಗೆ 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟ್ ಹಾಕಿದರೂ, ಅದರ ಆಚೀಚೆ ಹೊಂಡಗಳಿಗೆ ಕೊರತೆಯಿರಲಿಲ್ಲ ಎಂಬುದು ಸುಳ್ಳಲ್ಲ. ಇನ್ನೊಬ್ಬರು ಲೋಡ್ ಹೆಚ್ಚಾಯಿತು ಎಂದರು. ಮತ್ತೊಬ್ಬರು ಬೇರಿಂಗೇ ಡೂಪ್ಲಿಕೇಟ್ ಎಂದರು. ನನ್ನ ವ್ಯಾಪಾರದ ಪಾಲುದಾರರಿಗೆ ಮಾತ್ರ ಕಾರಣ ಸ್ಪಷ್ಟವಿತ್ತು: "ಹುಡುಗ ಹೊಂಡಕ್ಕೆ ಎತ್ತಿ ಹಾಕುತ್ತಾನೆ. ಅವನನ್ನು ಬದಲಿಸಿ, ಬೇರಿಂಗ್ ಸರಿಯಾಗುತ್ತದೆ."

ಆ ಹುಡುಗ ಬೆಳ್ತಂಗಡಿ ಕಡೆಯವನು. ತಂದೆಯಿಲ್ಲ. ತಾಯಿ ಬೀಡಿ ಕಟ್ಟುತ್ತಾರೆ, ಇಬ್ಬರು ತಂಗಿಯಂದಿರು ಓದುತ್ತಿದ್ದಾರೆ. ಒಂದು ತುಂಡು ಉಕ್ಕಿನ ಲೆಕ್ಕದಲ್ಲಿ ಒಂದು ಮನೆಯ ಅನ್ನ ತೂಗುತ್ತಿತ್ತು. ಪಾಲುದಾರರದ್ದು ದುರುದ್ದೇಶವಲ್ಲ. ಪ್ರತಿ ಸಲವೂ ಎರಡು ಸಾವಿರದ ಆಸುಪಾಸು ರಿಪೇರಿ, ತಪ್ಪಿದ ಟ್ರಿಪ್ಪಿನ ನಷ್ಟ, ಮೇಲೆ ಸಾಲದ ಕಂತು. ನಷ್ಟ ಬಂದಾಗ ಮನುಷ್ಯ ಮೊದಲು ಹುಡುಕುವುದು ಕಾರಣವನ್ನಲ್ಲ, ಹೊಣೆ ಹೊರುವ ಹೆಗಲನ್ನು. ಆ ಹೆಗಲು ಯಾವಾಗಲೂ ಸಂಬಳಕ್ಕೆ ದುಡಿಯುವವನದ್ದೇ ಆಗಿರುತ್ತದೆ.

ನಾಲ್ಕನೆಯ ಸಲ ಗಾಡಿಯನ್ನು ಉಪ್ಪಿನಂಗಡಿಯ ಆಚೆ ಇರುವ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕ್‌ರನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಾರೆ. ನಾನು ಎಲ್ಲ ಕಥೆ ಹೇಳಿ ಮುಗಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಲದ್ದು ಎಷ್ಟು ಸಲ ಹೋಗಿದೆ?"

"ಒಂದು ಸಲವೂ ಇಲ್ಲ ಕಾಕ."

"ಹಾಗಾದರೆ ಹುಡುಗನದ್ದು ಹೇಗೆ ತಪ್ಪಾಯಿತು ಮೋನೆ? ಎರಡು ಚಕ್ರಕ್ಕೂ ಸ್ಟಿಯರಿಂಗ್ ಒಂದೇ, ಲೋಡೂ ಒಂದೇ. ಎಡ ಚಕ್ರ ರಸ್ತೆಯ ಅಂಚಿನ ಹೊಂಡಕ್ಕೆ ಬೀಳುವುದು ಹೆಚ್ಚು, ಒಪ್ಪುತ್ತೇನೆ. ಅದಕ್ಕೆ ಒಂದು ಸಲ ಹೋಗಲಿ. ನಾಲ್ಕು ಸಲ ಹೋಗಬೇಕಾದರೆ ಬೇರಿಂಗ್ ಕೂತಿರುವ ಮನೆಯಲ್ಲೇ ಏನೋ ಇದೆ."

ಓದುಗರಿಗೆ ಈ 'ಮನೆ' ಏನೆಂದು ಸ್ವಲ್ಪ ವಿವರಿಸಬೇಕು. ಇಂಥ ಗಾಡಿಗಳ ಮುಂದಿನ ಚಕ್ರದ ಹಬ್‌ನಲ್ಲಿ ಒಳಗೊಂದು, ಹೊರಗೊಂದು ಹೀಗೆ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ. ಓರೆಯಾಗಿ ಜೋಡಿಸಿದ ಉಕ್ಕಿನ ಉರುಳೆಗಳು ಮೇಲಿನ ಭಾರವನ್ನೂ, ತಿರುವಿನಲ್ಲಿ ಬರುವ ಪಕ್ಕದ ಒತ್ತಡವನ್ನೂ ಒಟ್ಟಿಗೆ ಹೊರುತ್ತವೆ. ಇದಕ್ಕೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಮೂಲತಃ ಕುದುರೆಗಾಡಿ ಕಟ್ಟುವವನು. ಬೇರಿಂಗ್‌ನ ಹೊರ ಬಳೆಯನ್ನು ಕಪ್ ಎನ್ನುತ್ತಾರೆ. ಅದು ಹಬ್‌ನ ಗುಂಡಿಯಲ್ಲಿ ಅಲುಗಾಡದಂತೆ ಬಿಗಿಯಾಗಿ ಕೂತಿರಬೇಕು. ಉರುಳೆಗಳು ಮಾತ್ರ ತಿರುಗಬೇಕು, ಕಪ್ ತನ್ನ ಜಾಗದಲ್ಲಿ ಜಾರಬಾರದು. ಅದನ್ನು ಹೊರತೆಗೆಯಬೇಕಾದರೆ ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಎಬ್ಬಿಸಬೇಕು.

ಕಾಕ ಹಬ್ ಬಿಚ್ಚಿ ಕವುಚಿ ಹಾಕಿದರು. ಕಪ್ ತಾನಾಗಿಯೇ ಅವರ ಅಂಗೈಗೆ ಬಿತ್ತು. ಅವರು ಏನೂ ಹೇಳದೆ ಹಬ್‌ನ ಒಳಗನ್ನು ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ನನ್ನ ಬೆರಳನ್ನು ಹಿಡಿದು ಒಳಗೆ ಆಡಿಸಿದರು. ನಯವಾಗಿರಬೇಕಾದ ಗುಂಡಿಯ ಸುತ್ತ ಸಾಲಾಗಿ ಚುಕ್ಕಿಗಳು ತಗಲಿದವು.

ಅದು ಪಂಚ್ ಹೊಡೆದ ಗುರುತು. ಹಬ್‌ನ ಗುಂಡಿ ಸವೆದು ಅಗಲವಾದಾಗ, ಪಂಚ್‌ನಿಂದ ಒಳಗೋಡೆಗೆ ಹೊಡೆದು ಚುಕ್ಕಿ ಎಬ್ಬಿಸುತ್ತಾರೆ. ಆ ಉಬ್ಬುಗಳ ನಡುವೆ ಹೊಸ ಬೇರಿಂಗ್ ಬಿಗಿಯಾಗಿ ಕೂತಂತೆ ಕಾಣುತ್ತದೆ. ಆದರೆ ಭಾರ ಹೊರುವುದು ಇಡೀ ಗೋಡೆಯಲ್ಲ, ಆ ಕೆಲವೇ ಚುಕ್ಕಿಗಳು. ಕೆಲವು ಸಾವಿರ ಕಿಲೋಮೀಟರಿನಲ್ಲಿ ಅವು ಸವೆದು, ಕಪ್ ಮತ್ತೆ ತಿರುಗತೊಡಗಿ, ಗುಂಡಿ ಇನ್ನಷ್ಟು ಅಗಲವಾಗುತ್ತದೆ. ನಾನು ಕೊಂಡ ಬೇರಿಂಗ್‌ಗಳು ಡೂಪ್ಲಿಕೇಟ್ ಆಗಿರಲಿಲ್ಲ. ಒಳ್ಳೆಯ ಬೇರಿಂಗ್‌ಗಳನ್ನು ಕೆಟ್ಟ ಮನೆಯಲ್ಲಿ ಕೂರಿಸಲಾಗಿತ್ತು. ಇದು ಹಿಂದೆ ಬಿಚ್ಚಿದ ಕೈಗಳಲ್ಲಿ ಒಂದಕ್ಕಾದರೂ ಚೆನ್ನಾಗಿ ಗೊತ್ತಿತ್ತು. ಚುಕ್ಕಿಗಳು ತಾವಾಗಿ ಮೂಡುವುದಿಲ್ಲ.

ಮೊದಲ ಬೇರಿಂಗ್ ಯಾಕೆ ಹೋಗಿರಬಹುದು ಎಂದು ಕೇಳಿದಾಗ ಕಾಕ ನೀರಿನ ಕಡೆ ಬೆರಳು ತೋರಿಸಿದರು. ಮೀನಿನ ಗಾಡಿಯನ್ನು ಲೋಡ್ ಇಳಿಸಿದ ಕೂಡಲೇ ಪ್ರೆಶರ್ ಪಂಪಿನಲ್ಲಿ ತೊಳೆಯುವುದು ಎಲ್ಲ ಕಡೆಯ ರೂಢಿ. ಓಡಿ ಬಂದ ಹಬ್ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮೀನಿನ ಗಾಡಿಯೆಂದರೆ ಉಪ್ಪಿನಂಶ ಬೇರೆ. ಗ್ರೀಸ್ ಹಾಲಿನಂತೆ ಬಿಳಿಚಿಕೊಂಡರೆ ನೀರು ಸೇರಿದೆ ಎಂದೇ ಅರ್ಥ. ನೀರು ಸೇರಿದ ಬೇರಿಂಗ್ ತುಕ್ಕು ಹಿಡಿದು ಬಿಗಿಯುತ್ತದೆ. ಬಿಗಿದ ಉರುಳೆಗಳು ಕಪ್ಪನ್ನು ಹಿಡಿದುಕೊಂಡು ಹಬ್‌ನೊಳಗೇ ತಿರುಗಿಸುತ್ತವೆ.

ಹಬ್‌ಗೆ ಲೇತಿನಲ್ಲಿ ಬುಷ್ ಹಾಕಿಸಬಹುದೇ ಎಂದು ಪಕ್ಕದ ಲೇತಿನ ಆಚಾರಿಯವರನ್ನು ಕೇಳಿದೆ. "ಹಾಕಿ ಕೊಡಬಹುದು ಸಾಹೇಬ್ರೆ. ಆದರೆ ಮುಂದಿನ ಚಕ್ರ, ಘಾಟಿಯ ಗಾಡಿ. ನನ್ನ ಮಗ ಓಡಿಸುವುದಾದರೆ ನಾನು ಹಾಕುವುದಿಲ್ಲ" ಎಂದರು. ಅವರಿಗೆ ಬರಬಹುದಾಗಿದ್ದ ಕೂಲಿಯನ್ನು ಅವರೇ ಬಿಟ್ಟುಕೊಟ್ಟರು. ಹೊಸ ಹಬ್ ತಂದೆ.

ಕಾಕ ಕೂರಿಸಿದ ಕ್ರಮವನ್ನೂ ಹೇಳಬೇಕು. ಕಡ್ಡಿ ಅಚ್ಚಿನ ಮೇಲೆ ಬೇರಿಂಗ್ ಕೂರುವ ಜಾಗ ಸವೆದಿದೆಯೇ ಎಂದು ಮೊದಲು ನೋಡಿದರು. ಅಂಗೈಯಲ್ಲಿ ಗ್ರೀಸ್ ಇಟ್ಟು, ಉರುಳೆಗಳ ನಡುವಿನಿಂದ ಆಚೆ ಹೊರಬರುವವರೆಗೆ ತುಂಬಿಸಿದರು. ಹಳೆಯ ಸೀಲ್ ಚೆನ್ನಾಗಿ ಕಂಡರೂ ಎಸೆದರು. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಮತ್ತೆ ಸಡಿಲಿಸಿ, ಕೊನೆಗೆ ಹಗುರವಾಗಿ ಕೂರಿಸಿ ಸ್ಪ್ಲಿಟ್ ಪಿನ್ ಹಾಕಿದರು. ಅತಿಯಾಗಿ ಬಿಗಿದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಬಡಿದುಕೊಂಡು ಒಡೆಯುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆಯೂ ಕಡಾಣಿಯೂ ಮಾಡುತ್ತಿದ್ದ ಕೆಲಸವಿದು. ದೇವರ ದಾಸಿಮಯ್ಯ ಬಂಡಿಯ ಕಡೆಗೀಲನ್ನೇ ಉಪಮೆಯಾಗಿಸಿ ವಚನ ಬರೆದದ್ದು ಸುಮ್ಮನೆ ಅಲ್ಲ. ಕಣ್ಣಿಗೆ ಕಾಣದ ಸಣ್ಣ ಕೀಲೊಂದು ಇಡೀ ಬಂಡಿಯ ಭಾರಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆ ಚುಕ್ಕಿಗಳು ನನಗೆ ಪ್ರವಾದಿವರ್ಯರ(ಸ) ಜೀವನದ ಒಂದು ಘಟನೆಯನ್ನು ನೆನಪಿಸಿದವು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಅವರು ನಿಂತು ಒಳಗೆ ಕೈಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಪ್ರಶ್ನಿಸಿದರು. ಗಮನಿಸಿ, ಧಾನ್ಯ ನೆನೆದದ್ದು ಅಪರಾಧವಾಗಿರಲಿಲ್ಲ. ಮುಚ್ಚಿಟ್ಟದ್ದು ಅಪರಾಧವಾಗಿತ್ತು.

ಹಬ್ ಸವೆದದ್ದೂ ಹಾಗೆಯೇ. ಅದು ಯಾರ ಪಾಪವೂ ಅಲ್ಲ. ಪಂಚ್ ಹೊಡೆದ ಮೆಕ್ಯಾನಿಕ್‌ನ ಕಷ್ಟವೂ ನನಗೆ ಅರ್ಥವಾಗುತ್ತದೆ. ಸಂಜೆಯೊಳಗೆ ಗಾಡಿ ಬೇಕು ಎನ್ನುವ, ಹೊಸ ಹಬ್ ಎಂದೊಡನೆ ಜಗಳಕ್ಕೆ ನಿಲ್ಲುವ ಗಿರಾಕಿಗಳನ್ನು ಅವನು ದಿನವೂ ಕಾಣುತ್ತಾನೆ. ಆದರೂ "ಹಬ್ ಹೋಗಿದೆ, ಸದ್ಯಕ್ಕೆ ಇಷ್ಟು ಮಾಡಿದ್ದೇನೆ, ಘಾಟಿಗೆ ಹೋಗಬೇಡಿ" ಎಂದು ಒಂದು ಮಾತು ಹೇಳುವುದಕ್ಕೆ ಖರ್ಚೇನಿತ್ತು? ಆ ಒಂದು ಮಾತಿನ ಕೊರತೆಯಿಂದ ಘಾಟಿಯ ರಾತ್ರಿಯಲ್ಲಿ ಮನೆಗೆ ಮರಳುತ್ತಿದ್ದ ಯಾವುದೋ ಕುಟುಂಬದ ಮೇಲೆ ನಮ್ಮ ಗಾಡಿ ಹರಿಯಬಹುದಿತ್ತು. ಕೊನೆಗೆ ಆಪಾದನೆ ಬೀಳುತ್ತಿದ್ದದ್ದೂ ಸ್ಟಿಯರಿಂಗ್ ಹಿಡಿದ ಹುಡುಗನ ಮೇಲೆಯೇ.

ತೂಕ, ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವೇ ಇದೆ. ಅದನ್ನು ನಾವು ತಕ್ಕಡಿ ಹಿಡಿದವರಿಗೆ ಮಾತ್ರ ಅನ್ವಯಿಸುತ್ತೇವೆ. ಸ್ಪ್ಯಾನರ್ ಹಿಡಿದವರಿಗೂ, ಪಿಕಪ್‌ಗೆ ಮಿತಿ ಮೀರಿ ಬಾಕ್ಸ್ ಏರಿಸುವ ನಮ್ಮಂಥ ವ್ಯಾಪಾರಿಗಳ ಸಮೂಹಕ್ಕೂ ಅದು ಅನ್ವಯವಾಗಬೇಕು. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ಇಪ್ಪತ್ತು ಸಾವಿರ ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ ಎರಡು ಸಾವಿರ ದಂಡವಿದೆ. ದಂಡಕ್ಕೆ ಹೆದರಿ ನಿಲ್ಲಿಸುವವರೂ ಇದ್ದಾರೆ, ಚೆಕ್‌ಪೋಸ್ಟ್ ತಪ್ಪಿಸುವವರೂ ಇದ್ದಾರೆ. ಬೇರಿಂಗ್ ಮಾತ್ರ ಯಾರ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

2023ರ ನವೆಂಬರ್‌ನಲ್ಲಿ ಹಾಕಿದ ಆ ಹಬ್, ಬೇರಿಂಗ್ ಎರಡು ಋತುಗಳನ್ನು ಸದ್ದಿಲ್ಲದೆ ಕಳೆದವು. ಡ್ರೈವರ್ ಅವನೇ. ಮೀನು ಇಳಿಸಿದ ಮೇಲೆ ಎರಡೂ ಹಬ್‌ಗಳಿಗೆ ಕೈ ಹತ್ತಿರ ಹಿಡಿದು ಶಾಖ ಹೋಲಿಸುತ್ತಾನೆ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡುತ್ತಾನೆ. ಗಾಡಿ ತಣಿಯುವವರೆಗೆ ತೊಳೆಯುವುದಿಲ್ಲ. ಪಾಲುದಾರರು ಈಗ ಅವನನ್ನು ಬದಲಿಸುವ ಮಾತಾಡುವುದಿಲ್ಲ. ಗಾಡಿಯ ವಿಷಯ ಬಂದರೆ ಅವನನ್ನೇ ಕೇಳುತ್ತಾರೆ.

ಒಂದೇ ಭಾಗ ಎರಡನೆಯ ಸಲ ಹಾಳಾದರೆ ಆ ಭಾಗವನ್ನಷ್ಟೇ ಬದಲಿಸಿ ಬರಬೇಡಿ. ಅದು ಕೂತಿದ್ದ ಜಾಗವನ್ನು ಬಿಚ್ಚಿ ತೋರಿಸಿ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಪ್ರಾಮಾಣಿಕನಾದವನು ಸಂತೋಷದಿಂದಲೇ ತೋರಿಸುತ್ತಾನೆ. ಮನುಷ್ಯರ ವಿಷಯದಲ್ಲೂ ಅಷ್ಟೆ. ಒಬ್ಬನನ್ನು ಕೆಲಸದಿಂದ ತೆಗೆಯುವ ಮೊದಲು, ಅವನನ್ನು ಯಾವ ಜಾಗದಲ್ಲಿ ಕೂರಿಸಿದ್ದೇವೆ ಎಂದು ಬೆರಳಾಡಿಸಿ ನೋಡುವುದು ಒಳ್ಳೆಯದು.