ಗುರುತು ಎಲ್ಲಿಡಬೇಕು?

ಕಂಪ್ಯೂಟರಿನ ಕೆಲಸವೆಂದರೆ ಒಬ್ಬರೇ ಪರದೆಯ ಮುಂದೆ ಕೂತು ಮಾಡುವಂಥದ್ದು ಎಂದು ನಮ್ಮ ಚಳ್ಳಕೆರೆಯ ನೆರೆಹೊರೆಯವರ ನಂಬಿಕೆ. "ನಿನಗೇನಮ್ಮ, ಬಾಗಿಲು ಹಾಕ್ಕೊಂಡು ಕೂತ್ರಾಯ್ತು, ಯಾರ ತಂಟೆಯೂ ಇಲ್ಲ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಅಪ್ಪಟ ಕೂಡುಕುಟುಂಬ. ಸಹಕಾರ ಸಂಘಗಳ ಸಾಲದ ಲೆಕ್ಕ ಇಡುವ ಪ್ರೋಗ್ರಾಮು ನಮ್ಮದು. ನಾನು ಬರೆದ ಫೈಲನ್ನೇ ಬೆಂಗಳೂರಿನಲ್ಲಿರುವ ಐದು ಜನ ತಿದ್ದುತ್ತಾರೆ. ಅವರು ಬರೆದದ್ದನ್ನು ನಾನು ತಿದ್ದುತ್ತೇನೆ. ಅಡುಗೆಮನೆ ಒಂದು, ಕೈ ಹಲವು. ಡಬ್ಬಿಗಳನ್ನು ಯಾರ ಅನುಕೂಲಕ್ಕೆ ಜೋಡಿಸಬೇಕು ಎಂಬ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ.

ನಾನು ಬರೆಯುವುದು ಲಿಯೋ ಎಂಬ ಎಡಿಟರಿನಲ್ಲಿ. ಅಮೆರಿಕದ ಎಡ್ವರ್ಡ್ ರೀಮ್ ಅವರು ಪೈಥಾನ್ ಭಾಷೆಯಲ್ಲಿ ಕಟ್ಟಿದ್ದು, ದುಡ್ಡು ಕೊಡಬೇಕಾಗಿಲ್ಲ. ಬೇರೆ ಎಡಿಟರುಗಳಲ್ಲಿ ಫೈಲು ಮುಗಿಯದ ಸುರುಳಿಯಂತೆ ಇಳಿಯುತ್ತಾ ಹೋಗುತ್ತದೆ. ಲಿಯೋದಲ್ಲಿ ಹಾಗಲ್ಲ, ತಲೆಬರಹ, ಅದರೊಳಗೆ ಉಪತಲೆಬರಹ, ಹೀಗೆ ಮರದ ಕೊಂಬೆಗಳಂತೆ ಜೋಡಿಸಬಹುದು. ಬೇಡದ್ದನ್ನು ಮಡಚಿಡಬಹುದು. ಒಂದೇ ತುಂಡು ಎರಡು ಕಡೆ ಕಾಣುವಂತೆಯೂ ಇಡಬಹುದು. ಒಂದು ಕಡೆ ತಿದ್ದಿದರೆ ಇನ್ನೊಂದೂ ತಿದ್ದುತ್ತದೆ. ಬಡ್ಡಿಯ ಲೆಕ್ಕ ನಮ್ಮ ಪ್ರೋಗ್ರಾಮಿನಲ್ಲಿ ಹತ್ತಾರು ಕಡೆ ಚದುರಿದೆ. ನನ್ನ ಮರದಲ್ಲಿ ಅದೆಲ್ಲವೂ 'ಬಡ್ಡಿ' ಎಂಬ ಒಂದೇ ಕೊಂಬೆಯಲ್ಲಿ ಸಿಗುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಯಾರದೋ ಸಾಲದ ಕಂತು ತಪ್ಪಾಗುತ್ತದಲ್ಲ, ಅದಕ್ಕೇ ಈ ಕೊಂಬೆ ನನಗೆ ಪ್ರಾಣ.

ಆದರೆ ತಂಡದ ಉಳಿದವರಾರೂ ಲಿಯೋ ಬಳಸುವುದಿಲ್ಲ. ಹಾಗಾದರೆ ಮರದ ಗುರುತನ್ನು ಎಲ್ಲಿಡುವುದು? ಲಿಯೋ ಹಲವು ದಾರಿ ಕೊಡುತ್ತದೆ. ಆಟ್-ಫೈಲ್ ಎಂದರೆ ಗುರುತಿನ ಸಾಲುಗಳು ಫೈಲಿನೊಳಗೇ, ಟಿಪ್ಪಣಿಯ ವೇಷದಲ್ಲಿ ಕೂರುತ್ತವೆ. ಪ್ರೋಗ್ರಾಮು ಅವನ್ನು ಲೆಕ್ಕಕ್ಕಿಡದೆ ಓಡುತ್ತದೆ, ಫೈಲು ಹೋದಲ್ಲಿಗೆ ಮರವೂ ಹೋಗುತ್ತದೆ. ಲಿಯೋದ ಸ್ವಂತ ಪ್ರೋಗ್ರಾಮು ಇರುವುದೂ ಹೀಗೆಯೇ. ಆದರೆ ಲಿಯೋ ಇಲ್ಲದವರು ಒಂದು ತುಂಡನ್ನು ಕಿತ್ತು ಬೇರೆಡೆ ಇಟ್ಟರೆ ಗುರುತು ದಿಕ್ಕೆಡುತ್ತದೆ. ನಾನು ಕೊಂಬೆಯನ್ನು ಸ್ವಲ್ಪ ಸರಿಸಿದರೂ, ಲೆಕ್ಕ ಇದ್ದಂತೆಯೇ ಇದ್ದು, ಫೈಲು ಬದಲಾಗಿದೆ ಎಂದು ಗಿಟ್ ಎಲ್ಲರಿಗೂ ಸಾರುತ್ತದೆ.

2015ರಲ್ಲಿ ಬಂದ ಆಟ್-ಕ್ಲೀನ್ ಇನ್ನೊಂದು ದಾರಿ. ಹಂಚಿಕೊಂಡ ಫೈಲಿನಲ್ಲಿ ಗುರುತೇ ಇರುವುದಿಲ್ಲ. ಮರ ನನ್ನ ಲಿಯೋ ಕಡತದಲ್ಲಿ ಉಳಿಯುತ್ತದೆ. ಬೇರೆಯವರು ತಿದ್ದಿ ಕಳಿಸಿದರೆ ಲಿಯೋ ಹಳೆಯ ಸಾಲು, ಹೊಸ ಸಾಲು ಹೋಲಿಸಿ ಬದಲಾವಣೆಯನ್ನು ಆಯಾ ಕೊಂಬೆಗೆ ಸೇರಿಸುತ್ತದೆ. ಎರಡು ಕೊಂಬೆಗಳ ಗಡಿಯಲ್ಲಿ ಹೊಸ ಸಾಲು ಬಂದರೆ ಮಾತ್ರ ಅದು ಊಹಿಸಬೇಕು. ಅಲ್ಲಿ ನಾನು ಕಣ್ಣಿಡಬೇಕು. ಇನ್ನು ಆಟ್-ಆಟೋ ಪ್ರತಿ ಸಲವೂ ಫೈಲನ್ನು ಓದಿ ತಾನೇ ಮರ ಕಟ್ಟುತ್ತದೆ, ಆಟ್-ಎಡಿಟ್ ಇಡೀ ಫೈಲನ್ನು ಒಂದೇ ಗಂಟಾಗಿ ಇಡುತ್ತದೆ.

ಗುರುತು ಬರಹದೊಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡ ಅಶೋಕನ ಶಾಸನವನ್ನು ನೆನೆಸಿಕೊಳ್ಳಿ. ದೊರೆಯ ಧರ್ಮದ ಮಾತು ಅಲ್ಲಿ ನೇರವಾಗಿ ಶುರುವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ಕೇಳುತ್ತಾರೆ ಎಂಬ ಕಾಗದದ ಒಕ್ಕಣೆಯೂ ಬಂಡೆಯ ಮೇಲೆ ಬಂದಿದೆ. ಕೊನೆಯಲ್ಲಿ ಬರೆದವನು ಚಪಡ ಎಂದಿದೆ. ಲಿಪಿಕಾರ ಎನ್ನುವ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಮಸ್ಕಿಯ ಶಾಸನದಲ್ಲಿ ಈ ಒಕ್ಕಣೆಯಿಲ್ಲ. ಧರ್ಮದ ಮಾತಿಗೆ ಅದರಿಂದ ಊನವೇನೂ ಆಗಿಲ್ಲ. ಆದರೆ ಇಸಿಲವೆಂಬ ಊರಿನ ಹೆಸರು ನಮಗೆ ಉಳಿದದ್ದು ಆ ಒಕ್ಕಣೆಯಿಂದಲೇ ಅಲ್ಲವೇ? ಗುರುತೆಲ್ಲ ಕಸವಲ್ಲ. ಅದು ಯಾರಿಗೆ ಬೇಕು ಎಂದು ಕೇಳಿಕೊಳ್ಳಬೇಕು, ಅಷ್ಟೆ.

ನಾನು ತೀರ್ಮಾನಿಸುವ ಮೊದಲು ಒಂದೇ ಫೈಲನ್ನು ಎರಡೂ ರೀತಿಯಲ್ಲಿ ಬರೆದು ತಂಡಕ್ಕೆ ಕಳಿಸಿದೆ. ಒಬ್ಬರು "ಇದೇನ್ರೀ ರಂಗೋಲಿ?" ಎಂದು ನಕ್ಕರು. ಇನ್ನೊಬ್ಬರು, "ಬಡ್ಡಿ ಪರಿಶೀಲಿಸುವಾಗ ಬಡ್ಡಿ ಬದಲಾದದ್ದು ಮಾತ್ರ ನನಗೆ ಕಾಣಬೇಕು" ಎಂದರು. ಆ ಮಾತು ನ್ಯಾಯವೆನಿಸಿತು. ಹಂಚಿಕೊಂಡ ಫೈಲುಗಳಿಗೆಲ್ಲ ಆಟ್-ಕ್ಲೀನ್ ಆರಿಸಿದೆ. ನಾನೊಬ್ಬಳೇ ಮುಟ್ಟುವ ಸಣ್ಣಪುಟ್ಟ ಪ್ರೋಗ್ರಾಮುಗಳಿಗೆ ಆಟ್-ಫೈಲ್, ಬರೀ ಓದಿ ನೋಡಬೇಕಾದವಕ್ಕೆ ಆಟ್-ಆಟೋ, ಪುಟ್ಟ ಪಟ್ಟಿಗಳಿಗೆ ಆಟ್-ಎಡಿಟ್. ಆರೂ ಜನ ಲಿಯೋದವರೇ ಆಗಿದ್ದರೆ ಆಟ್-ಫೈಲನ್ನೇ ಹಿಡಿಯುತ್ತಿದ್ದೆ.

ಆದರೂ ಒಂದು ಕೊರಗು ಉಳಿಯಿತು. ನಾಳೆ ನಾನು ಕೆಲಸ ಬಿಟ್ಟರೆ 'ಬಡ್ಡಿ' ಕೊಂಬೆಯೂ ನನ್ನೊಡನೆ ಹೋಗುತ್ತದೆ. ಅದಕ್ಕೆ, ಬಡ್ಡಿಯ ಲೆಕ್ಕ ಇರುವ ಕಡೆಯಲ್ಲೆಲ್ಲ, ಇದನ್ನು ತಿದ್ದಿದರೆ ಇಂಥಿಂಥ ಜಾಗವನ್ನೂ ನೋಡಿ ಎಂದು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಟಿಪ್ಪಣಿ ಬರೆದಿಟ್ಟೆ. ಜೋಡಣೆ ನನ್ನ ಬಳಿ ಇರಲಿ, ಕಾರಣ ಎಲ್ಲರ ಬಳಿ ಇರಲಿ ಎಂದು.

ಕಳೆದ ತಿಂಗಳು ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಫೋನು ಮಾಡಿ, "ಮೇಡಂ, ಟಿಪ್ಪಣಿ ನೋಡಿಕೊಂಡು ಮೂರೂ ಕಡೆ ತಿದ್ದಿದ್ದೀನಿ" ಎಂದಳು. ಅವಳು ಲಿಯೋದ ಹೆಸರೂ ಕೇಳಿದವಳಲ್ಲ. ಸಂಜೆ ನಾನು ಲಿಯೋ ತೆರೆದು ನೋಡಿದರೆ, ಅವಳ ಮೂರು ತಿದ್ದುಪಡಿಗಳೂ 'ಬಡ್ಡಿ' ಕೊಂಬೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತಿದ್ದವು.