ಒಳಗೆ ಬಿಟ್ಟ ಬಟ್ಟೆ

ನಮ್ಮ ದರ್ಜಿಗೆ ನನ್ನ ವಯಸ್ಸು ಗೊತ್ತಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಹೊಲಿಗೆ ಬಿಚ್ಚಿಸಿದ್ದೇನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಕಳೆದ ದೀಪಾವಳಿಗೆ ಬ್ಲೌಸಿನ ಬಟ್ಟೆ ಕೊಡಲು ಹೋದಾಗ, "ಅಕ್ಕಾರ, ಹಳೇ ಅಳತೀನ ಇಡ್ಲೇನ್ರಿ?" ಎಂದು ಕೇಳಿದ. ನಾನು ಗಂಭೀರವಾಗಿ "ಹೂಂ" ಎಂದೆ. ಅವನು ನನಗಿಂತ ಗಂಭೀರವಾಗಿ, "ಒಳಗ ಎರಡು ಬೆರಳು ಬಟ್ಟಿ ಬಿಟ್ಟಿರ್ತೀನ್ರಿ" ಎಂದ. ಇಂಥ ಸಭ್ಯರಿಂದಲೇ ಲೋಕ ನಡೆದಿದೆ.

ಐವತ್ತು ದಾಟಿ ಆರು ವರ್ಷವಾಯಿತು. ಚಾಳೀಸು ಇಲ್ಲದೆ ಸೂಜಿಗೆ ದಾರ ಪೋಣಿಸಲಾರೆ. ಆದರೆ ಧಾರವಾಡದ ಸುಭಾಸ ರಸ್ತೆಯಲ್ಲಿ ನಡೆಯುವಾಗ ಆಚೆ ಬದಿಯ ಅಂಗಡಿಯಲ್ಲಿ ತೂಗುಹಾಕಿದ ಸೀರೆಯ ಅಂಚು ಈಚೆಯಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಡಾಕ್ಟರು ದೂರದೃಷ್ಟಿ ಎನ್ನುತ್ತಾರೆ. ನಮ್ಮ ಮನೆಯವರು ಇನ್ನೇನೋ ಅನ್ನುತ್ತಾರೆ.

ಕಾಲೇಜಿಗೆ ಹೋಗುವಾಗ, 1980ರ ದಶಕದಲ್ಲಿ, ಪಫ್ ತೋಳಿನ ಬ್ಲೌಸು ಹೊಲಿಸಿಕೊಂಡಿದ್ದೆ. ನಮ್ಮ ಅಜ್ಜಿ, "ತೋಳಿಗೆ ಫುಗ್ಗಾ ಕಟ್ಟೀ ಏನ?" ಎಂದು ನಕ್ಕಿದ್ದಳು. ಈಗ ನನ್ನ ಮಗಳು ಅದನ್ನೇ ಹೊಸದೆಂದು ಹೊಲಿಸಿಕೊಂಡು ಬಂದು ನನಗೇ ತೋರಿಸುತ್ತಾಳೆ. ವಯಸ್ಸಾದವರಿಗೆ ಇದೊಂದು ಅನುಕೂಲ, ನೋಡಿ. ತಾಳ್ಮೆಯಿಂದ ಕಾಯ್ದರೆ ಫ್ಯಾಶನ್ ತಾನಾಗಿಯೇ ಮನೆಗೆ ತಿರುಗಿ ಬರುತ್ತದೆ.

ಹೋದ ವರ್ಷ ಶಾಲೆಯ ಗ್ಯಾದರಿಂಗಿಗೆ ದಾಳಿಂಬೆ ಕೆಂಪಿನ ಸೀರೆ ಉಟ್ಟು ಹೋದೆ. ಯಾವಾಗಲೂ ಬೂದಿ ಬಣ್ಣದಲ್ಲೇ ಬರುವ ನನ್ನ ವಾರಿಗೆಯ ಸಹೋದ್ಯೋಗಿಯೊಬ್ಬರು, "ಈ ವಯಸ್ಸಿನ್ಯಾಗ ಇಷ್ಟು ಗಾಢ ಬಣ್ಣ ನಮಗ ಒಪ್ಪತೈತೇನ್ರೀ?" ಎಂದರು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ಅವತ್ತು ಮಾತ್ರ ನಗು ಬರಲಿಲ್ಲ. ನಮ್ಮ ಅವ್ವ ನೆನಪಾದಳು.

ಅಪ್ಪ 1994ರಲ್ಲಿ ತೀರಿಕೊಂಡಾಗ ಅವ್ವನಿಗಿನ್ನೂ ನಲವತ್ತಾರು. ದಿನಕರ್ಮ ಮುಗಿಯುವುದರೊಳಗೆ ಅವಳ ಬಣ್ಣದ ಸೀರೆಗಳೆಲ್ಲ ಟ್ರಂಕು ಸೇರಿದವು. ಹಾಗೆ ಮಾಡೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬೇಡ ಎಂದು ನಾನಾದರೂ ಹೇಳಬಹುದಿತ್ತು. ಬಿ.ಎಡ್. ಮುಗಿಸಿ, ಶಾಲೆಯಲ್ಲಿ ಹುಡುಗಿಯರಿಗೆ ಧೈರ್ಯದ ಪಾಠ ಹೇಳುತ್ತಿದ್ದ ನಾನು ಸುಮ್ಮನೆ ಟ್ರಂಕಿನ ಮುಚ್ಚಳ ಹಿಡಿದು ನಿಂತಿದ್ದೆ.

2019ರಲ್ಲಿ ಅವಳು ಹೋದ ಮೇಲೆ ಆ ಟ್ರಂಕು ತೆರೆದೆ. ಎಲ್ಲಕ್ಕಿಂತ ಕೆಳಗೆ ಅವಳ ಮದುವೆಯ ಇಳಕಲ್ ಸೀರೆ ಇತ್ತು. ಇಳಕಲ್ ಸೀರೆಯ ಮೈಯ ನೂಲು ಬೇರೆ, ಸೆರಗಿನ ನೂಲು ಬೇರೆ. ಮಗ್ಗದಲ್ಲಿ ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಕೊಂಡಿ ಒಂದೂ ಬಿಟ್ಟಿರಲಿಲ್ಲ. ಆದರೆ ಇಪ್ಪತ್ತೈದು ವರ್ಷ ಒಂದೇ ಮಡಿಕೆಯಲ್ಲಿದ್ದ ಕೆಂಪು ರೇಷ್ಮೆ ಸೆರಗು, ಬಿಡಿಸಿದರೆ ಮಡಿಕೆ ಮಡಿಕೆಗೂ ಸೀಳಿತ್ತು. ಉಟ್ಟುಟ್ಟು ಹರಿದ ಸೀರೆಗಳನ್ನು ಬೇಕಾದಷ್ಟು ಕಂಡಿದ್ದೆ. ಉಡದೆ ಹರಿದದ್ದನ್ನು ಅಂದೇ ನೋಡಿದ್ದು. ಅವಳು ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಸೆರಗಿನಲ್ಲಿ ಗಟ್ಟಿಯಾಗಿ ಉಳಿದಿದ್ದ ತುಂಡುಗಳನ್ನು ದರ್ಜಿಯ ಹತ್ತಿರ ಒಯ್ದೆ. ಅಸ್ತರ ಕೊಟ್ಟು, ತುಂಡಿಗೆ ತುಂಡು ಕೂಡಿಸಿ, ಚೆಂದದ ಬ್ಲೌಸು ಹೊಲಿದುಕೊಟ್ಟ. ಗ್ಯಾದರಿಂಗಿನ ದಿನ ನಾನು ತೊಟ್ಟಿದ್ದು ಅದನ್ನೇ. ಈಗ ನನ್ನ ಸೀರೆಗಳನ್ನೆಲ್ಲ ಸರದಿಯಂತೆ ಉಡುತ್ತೇನೆ. ಉಡಲಾಗದ್ದನ್ನು ಆಗಾಗ ಮಡಿಕೆ ಬದಲಿಸಿ ಇಡುತ್ತೇನೆ.

ಮರುದಿನ ಆ ಸಹೋದ್ಯೋಗಿಗೆ ಈ ಕತೆಯನ್ನೆಲ್ಲ ಹೇಳಿದೆ. ಅವರು ಮಾತಾಡಲಿಲ್ಲ. ಹದಿನೈದು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಹತ್ತಿರ ಬಂದು, "ಆ ಜಂಪರ್ ಎಲ್ಲಿ ಹೊಲಸಿದ್ರಿ? ನನ್ನ ಹತ್ರನೂ ಒಂದು ಹಸರು ಸೀರಿ ಐತಿ" ಎಂದರು.

ದರ್ಜಿಯ ಅಂಗಡಿಯ ಗುರುತು ಹೇಳಿದೆ. "ಒಳಗ ಬಟ್ಟಿ ಬಿಡಾಕ ಹೇಳೋದು ಮಾತ್ರ ಮರೀಬ್ಯಾಡ್ರಿ" ಎಂದೆ.